ರೋಗಿಯ ವಾಕ್ಯದ ಪ್ರಾಮಾಣ್ಯ: ಸಂಧಿವಾತದ ಉಪಶಮನನಿರ್ಣಯದ ಚರಿತ್ರೆ

ರೋಗವು ಶಮನವಾಯಿತೆಂದು ನಿರ್ಣಯಿಸುವ ಅಧಿಕಾರವು ವೈದ್ಯನದೋ ರೋಗಿಯದೋ ಎಂಬುದು ವೈದ್ಯಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ರುಮಟಾಯ್ಡ್ ಸಂಧಿವಾತದ ವಿಷಯದಲ್ಲಿ ಇದು ವಿಶೇಷವಾಗಿ ವಿಚಾರಾರ್ಹವಾಗಿರುವುದು. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದು ಈ ವ್ಯಾಧಿಯ ಸ್ವರೂಪ. ಇದನ್ನು ನಿರ್ಮೂಲಗೊಳಿಸುವ ಮದ್ದು ಇನ್ನೂ ದೊರೆತಿಲ್ಲವಾದುದರಿಂದ, ವ್ಯಾಧಿಯು ಅಡಗಿರುವ ಸ್ಥಿತಿಯನ್ನು, ಎಂದರೆ ಉಪಶಮನವನ್ನು, ಸಾಧಿಸುವುದೇ ಚಿಕಿತ್ಸೆಯ ಗುರಿ. ಬಾತ ಕೀಲುಗಳನ್ನು ವೈದ್ಯನು ಎಣಿಸಬಲ್ಲನು. ರಕ್ತವನ್ನು ಯಂತ್ರವು ಅಳೆಯಬಲ್ಲುದು. ಆದರೆ ತನ್ನ ಸ್ಥಿತಿಗೆ ರೋಗಿಯು ತಾನೇ ಕೊಡುವ ಅಂಕಕ್ಕೆ ಎಷ್ಟು ಬೆಲೆ? ಈ ಅಂಕದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ವೈದ್ಯರು ರೋಗಿಯ ಮಾತನ್ನು ಕಡೆಗಣಿಸಿದವರಲ್ಲ. ವಾಗ್ಭಟನು ದರ್ಶನ, ಸ್ಪರ್ಶನ, ಪ್ರಶ್ನ ಎಂದು ರೋಗಿಪರೀಕ್ಷೆಯನ್ನು ಮೂರಾಗಿ ವಿಭಾಗಿಸಿರುವನು. ಸುಶ್ರುತಸಂಹಿತೆಯು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಾಮ್ಯದೊಡನೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿತು. ಪ್ರಸನ್ನತೆಯನ್ನು ಅನುಭವಿಸುವವನಲ್ಲದೆ ಮತ್ತಾರು ಹೇಳಬಲ್ಲರು? ಮಾಧವಕರನು ನಿದಾನಗ್ರಂಥದಲ್ಲಿ ವರ್ಣಿಸಿದ ಆಮವಾತವನ್ನು ರುಮಟಾಯ್ಡ್ ಸಂಧಿವಾತದೊಡನೆ ಹಲವರು ಹೋಲಿಸಿರುವರು. ಎರಡೂ ಒಂದೇ ಎನ್ನಲಾಗದಿದ್ದರೂ ಅವನ ಲಕ್ಷಣಾವಳಿಯು ಗಮನಾರ್ಹವು. ಜ್ವರ, ಊತ ಇವು ಪರರಿಗೂ ಗೋಚರ. ಮೈನೋವು, ಅರುಚಿ, ಬಾಯಾರಿಕೆ, ಆಲಸ್ಯ, ಚೇಳು ಕುಟುಕಿದಂತಹ ವೇದನೆ ಇವು ರೋಗಿಯ ಬಾಯಿಂದಲೇ ತಿಳಿಯತಕ್ಕವು.

ಕಲಬುರಗಿಯಿಂದ ಆಗ್ನೇಯಕ್ಕೆ ಸಾಗುವ ಸೇಡಂ ರಸ್ತೆಯಲ್ಲಿ ವೈದ್ಯವಿದ್ಯೆಯ ಹಳೆಯ ಮತ್ತು ಹೊಸ ನೆಲೆಗಳೆರಡೂ ಇವೆ. ನಗರದ ಕಡೆಗೆ ಇಎಸ್‌ಐ ನಿಗಮದ ವೈದ್ಯಕೀಯ ಮಹಾವಿದ್ಯಾಲಯ. ಮುಂದೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಉಗ್ರಾದಿತ್ಯಾಚಾರ್ಯನು ಕಲ್ಯಾಣಕಾರಕವೆಂಬ ತನ್ನ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ, ಔಷಧಕ್ಕೆ ಮಾಂಸವು ಅನಾವಶ್ಯಕವೆಂಬ ಪಕ್ಷವನ್ನು ನೃಪತುಂಗನ ಆಸ್ಥಾನದಲ್ಲಿ ಪ್ರತಿಪಾದಿಸಿದುದಾಗಿ ತಿಳಿಸಿರುವನು. ಚಿಕಿತ್ಸೆಯ ಯುಕ್ತಾಯುಕ್ತತೆಯು ರಾಜಸಭೆಯಲ್ಲಿ ವಾದಕ್ಕೆ ಬಂದುದು ನಾಡಿಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದು ಪಂಡಿತರ ಸಭೆ. ಅಲ್ಲಿ ರೋಗಿಯು ವಿಚಾರದ ವಿಷಯವೇ ಹೊರತು ಸಭಾಸದನಲ್ಲ.

ಪಾಶ್ಚಾತ್ಯ ವೈದ್ಯದಲ್ಲಿಯೂ ಬಹುಕಾಲ ಹೀಗೆಯೇ ಇದ್ದಿತು. ೧೮೫೯ರಲ್ಲಿ ಗ್ಯಾರಡ್ ಎಂಬ ಆಂಗ್ಲ ವೈದ್ಯನು ಈ ವ್ಯಾಧಿಗೆ ಇಂದಿನ ಹೆಸರನ್ನಿಟ್ಟನು. ೧೯೪೯ರಲ್ಲಿ ಸ್ಟೈನ್‌ಬ್ರೋಕರ್ ಮೊದಲಾದವರು ಚಿಕಿತ್ಸೆಯ ಫಲವನ್ನು ಪೂರ್ಣ ಉಪಶಮನದಿಂದ ಹಿಡಿದು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ದರ್ಜೆಯನ್ನು ನಿರ್ಣಯಿಸುವವನು ವೈದ್ಯ. ೧೯೮೧ರಲ್ಲಿ ಅಮೆರಿಕದ ರುಮಟಿಸಂ ಸಂಘದ ಆರು ನಿಯಮಗಳು ಹೊರಟವು. ಬೆಳಗಿನ ಬಿಗಿತವು ೧೫ ನಿಮಿಷ ಮೀರದಿರುವುದು, ಆಯಾಸವಿಲ್ಲದಿರುವುದು, ಕೀಲುನೋವಿಲ್ಲದಿರುವುದು ಎಂಬ ಮೂರು ರೋಗಿಯ ಮಾತಿನಿಂದ ತಿಳಿಯುವವು. ಉಳಿದವು ವೈದ್ಯನ ಕೈಯಿಂದಲೂ ರಕ್ತಪರೀಕ್ಷೆಯಿಂದಲೂ ತಿಳಿಯುವವು. ಐದು ನಿಯಮಗಳಾದರೂ ಎಡೆಬಿಡದೆ ಎರಡು ತಿಂಗಳು ಸಲ್ಲಬೇಕಾಗಿತ್ತು. ೧೯೯೫ರಲ್ಲಿ ರೂಢಿಗೆ ಬಂದ ೨೮ ಕೀಲುಗಳ ಗಣನೆಯಲ್ಲಿ ರೋಗಿಯ ಅಂಕವು ಸೂತ್ರದೊಳಗೇ ಸೇರಿತು. ಅಲ್ಲಿ ಮೊತ್ತವು ೨.೬ಕ್ಕಿಂತ ಕಡಮೆಯಿದ್ದರೆ ಉಪಶಮನವೆಂದು ಎಣಿಕೆ. ರೋಗಿಯು ೧೦೦ಕ್ಕೆ ೧೦೦ ಕಷ್ಟವೆಂದರೂ ಅದರಿಂದ ಕೂಡುವುದು ೧.೪ ಮಾತ್ರ.

ರೋಗಿಯು ನಿಜವಾಗಿ ಸಭೆಯನ್ನು ಪ್ರವೇಶಿಸಿದುದು ೨೦೦೨ರಲ್ಲಿ. ಈ ವ್ಯಾಧಿಯ ಅಳತೆಗಳನ್ನು ವಿಚಾರಿಸಲು ಆಸ್ಟ್ರೇಲಿಯಾದಲ್ಲಿ ಕೂಡಿದ ಓಮೆರಾಕ್ಟ್ ಸಮ್ಮೇಳನಕ್ಕೆ ರೋಗಿಗಳೂ ಪ್ರತಿನಿಧಿಗಳಾಗಿ ಬಂದರು. ವೈದ್ಯರು ಅಷ್ಟಾಗಿ ಲೆಕ್ಕಿಸದಿದ್ದ ಆಯಾಸವನ್ನು ಮುಂದಿಟ್ಟರು. ೨೦೧೧ರಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಘಗಳು ಕೂಡಿ ಕಠಿನವಾದ ನಿಯಮವನ್ನು ವಿಧಿಸಿದವು: ನೋಯುವ ಕೀಲು, ಬಾತ ಕೀಲು, ರಕ್ತದ ಸಿ-ರಿಯಾಕ್ಟಿವ್ ಪ್ರೋಟೀನು, ಹತ್ತರಲ್ಲಿ ರೋಗಿಯು ಕೊಡುವ ಅಂಕ, ಈ ನಾಲ್ಕರಲ್ಲಿ ಯಾವುದೂ ಒಂದನ್ನು ಮೀರಬಾರದು. ಇದರಿಂದ ಒಂದು ತೊಡಕುಂಟಾಯಿತು. ಉಳಿದ ಮೂರೂ ಸರಿಯಿದ್ದ ಅನೇಕರು ತಮ್ಮ ಅಂಕವೊಂದರಿಂದಲೇ ಉಪಶಮನದ ಹೊರಗುಳಿದರು. ಬೆನ್ನುನೋವು, ಆಯಾಸ, ಮನೋವ್ಯಥೆ, ಹಿಂದೆಯೇ ಸವೆದ ಕೀಲುಗಳ ಬಾಧೆ ಇವೆಲ್ಲವೂ ಆ ಅಂಕದಲ್ಲಿ ಸೇರುವುದು ಸಹಜವಷ್ಟೆ. ೨೦೨೨ರ ಪರಿಷ್ಕರಣದಲ್ಲಿ ರೋಗಿಯ ಅಂಕದ ಮಿತಿಯನ್ನು ಎರಡಕ್ಕೆ ಏರಿಸಲಾಯಿತು. ಆ ಅಂಕವನ್ನು ಈ ಲೆಕ್ಕದಿಂದ ತೆಗೆದು ಪ್ರತ್ಯೇಕವಾಗಿ ವಿಚಾರಿಸಬೇಕೆಂಬ ಪಕ್ಷವೂ ಇದೆ.

ಇದು ಕೇವಲ ಅಂಕಗಳ ವಾದವಲ್ಲ. ಅಂಕವು ಹೆಚ್ಚಿದ ಮಾತ್ರಕ್ಕೆ ಉರಿಯೂತವೇ ಹೆಚ್ಚಿತೆಂದು ಬಗೆದರೆ, ರೋಗನಿರೋಧಶಕ್ತಿಯನ್ನು ತಗ್ಗಿಸುವ ಮದ್ದನ್ನು ವ್ಯರ್ಥವಾಗಿ ಏರಿಸಿ ಸೋಂಕಿಗೆ ದಾರಿಮಾಡಿದಂತಾಗುವುದು. ಅಂಕವನ್ನು ತಳ್ಳಿಹಾಕಿದರೆ ನರಳುವವನಿಗೆ ನೀನು ಸ್ವಸ್ಥನೆಂದು ಹೇಳಿದಂತಾಗುವುದು. ನಮ್ಮ ತಾರ್ಕಿಕರ ರೀತಿಯಿಂದ ನೋಡಿದರೆ ಇಲ್ಲಿ ವಿರೋಧವಿಲ್ಲ. ಕಣ್ಣಿಗೆ ಶಬ್ದವು ತಿಳಿಯದೆಂದು ಕಣ್ಣು ಅಪ್ರಮಾಣವಾಗುವುದೇ? ಪ್ರತಿಯೊಂದು ಪ್ರಮಾಣಕ್ಕೂ ತನ್ನದೇ ವಿಷಯವುಂಟು. ಉರಿಯೂತಕ್ಕೆ ಬಾವೂ ರಕ್ತವೂ ಪ್ರಮಾಣ. ಬದುಕಿನ ಭಾರಕ್ಕೆ ರೋಗಿಯ ವಾಕ್ಯವೇ ಪ್ರಮಾಣ.

ಆದರೆ ವಾಕ್ಯವು ಪ್ರಮಾಣವಾಗಬೇಕಾದರೆ ಪ್ರಶ್ನೆಯು ಸ್ಪಷ್ಟವಾಗಿರಬೇಕು. ನಿಮ್ಮ ಆರೋಗ್ಯ ಹೇಗಿದೆ ಎಂಬುದು ಒಂದು ಪ್ರಶ್ನೆ, ನಿಮ್ಮ ಸಂಧಿವಾತ ಹೇಗಿದೆ ಎಂಬುದು ಬೇರೊಂದು. ಅಳತೆಗಳಲ್ಲಿ ಇವೆರಡೂ ಬಳಕೆಯಲ್ಲಿವೆ. ಕಲಬುರಗಿಯ ಕಡೆಯಲ್ಲಿ ಪಾರಸಿ ಮೂಲದ ‘ಆರಾಮ’ ಎಂಬ ಶಬ್ದವೊಂದೇ ಕುಶಲಕ್ಕೂ, ವಿಶ್ರಾಂತಿಗೂ, ರೋಗ ವಾಸಿಯಾದುದಕ್ಕೂ ಸಲ್ಲುತ್ತದೆ. ‘ಆರಾಮ ಅದೀರೇನ್ರಿ’ ಎಂದು ಕೇಳಿದರೆ ಬರುವ ಉತ್ತರವು ಅನೇಕ ವೇಳೆ ಸೌಜನ್ಯದ್ದು, ಕೀಲಿನದಲ್ಲ. ಕಮಲಾಪುರದ ಕಡೆಯ ರೈತಮಹಿಳೆಗೆ ಬೆರಳಿನ ಸ್ಥಿತಿಯು ಕಳೆ ಕೀಳುವಾಗ ತಿಳಿಯುವುದು, ಅಂಕದ ಗೆರೆಯ ಮುಂದೆ ಕುಳಿತಾಗಲ್ಲ. ೨೦೦೨ರಲ್ಲಿ ಪ್ರಕಟವಾದ ಭಾರತೀಯ ಆರೋಗ್ಯಪ್ರಶ್ನಾವಳಿಯು ಕುಕ್ಕರುಗಾಲಲ್ಲಿ ಕೂರುವುದನ್ನೂ ಆಟೋರಿಕ್ಷಾ ಹತ್ತಿಳಿಯುವುದನ್ನೂ ಸೇರಿಸಿಕೊಂಡುದು ಈ ಕಾರಣದಿಂದಲೇ ಉಚಿತವೆನಿಸುವುದು.

ಸುಮಾರು ೧೧೫೦ರಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದನ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ವೈದ್ಯದ ಮಾತನ್ನು ರೋಗಿಯ ನುಡಿಗೆ ತರುವುದು ಆದುದರಿಂದ ನಮಗೆ ಹೊಸ ಕಾರ್ಯವಲ್ಲ. ಕೀಲಿನ ಸ್ಥಿತಿಗೊಂದು, ಒಟ್ಟು ಬದುಕಿನ ಸ್ಥಿತಿಗೊಂದು, ಹೀಗೆ ಎರಡು ಪ್ರಶ್ನೆಗಳನ್ನು ಆಯಾ ಪ್ರಾಂತದ ಕನ್ನಡದಲ್ಲಿ ಬೇರೆ ಬೇರೆಯಾಗಿ ರಚಿಸಿ, ರೋಗಿಗಳೊಡನೆಯೇ ಒರೆಗೆ ಹಚ್ಚಿ ನೋಡಬೇಕಾಗಿದೆ. ಈ ಕಾರ್ಯದಲ್ಲಿ ವೈದ್ಯರಷ್ಟೇ ಭಾಷಾವಿದ್ವಾಂಸರೂ ಬಾಧ್ಯರು.