ಬಾಡಿಗೆ ಕಾರುಗಳ ಹೆದ್ದಾರಿ ಶುಲ್ಕ (ಬೆಂಗಳೂರು–ಮೈಸೂರು ಹೆದ್ದಾರಿ)

ಬಾಡಿಗೆ ಕಾರುಗಳ ಹೆದ್ದಾರಿ ಶುಲ್ಕವೆಂದರೆ ಬಾಡಿಗೆಗೆ ಪಡೆದ ಕಾರಿನಲ್ಲಿ ಸಂಚರಿಸುವವರು ರಸ್ತೆ ಹಾಗೂ ಸೇತುವೆಗಳ ಬಳಕೆಗಾಗಿ ತೆರುವ ಹಣ. ಆಡುಮಾತಿನಲ್ಲಿ ಇದನ್ನು ಟೋಲ್ ಎನ್ನುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಈ ವಿಷಯ ಮುಖ್ಯವಾಗಿ ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳ ಮೂಲಕ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಗೆ (ರಾಷ್ಟ್ರೀಯ ಹೆದ್ದಾರಿ 275) ಸಂಬಂಧಿಸಿದೆ. ಶುಲ್ಕವು ವಾಹನಕ್ಕೆ ಅಂಟಿಸಿದ ಫಾಸ್ಟ್ಯಾಗ್‌ನಿಂದ ಕಡಿತವಾಗುತ್ತದೆ. ಬಾಡಿಗೆ ಕಾರಿನ ಫಾಸ್ಟ್ಯಾಗ್ ಮಾಲೀಕರ ಹೆಸರಿನಲ್ಲಿರುವುದರಿಂದ, ಹಣವನ್ನು ಅಂತಿಮವಾಗಿ ಯಾರು, ಯಾವಾಗ ಭರಿಸಬೇಕು ಎಂಬುದು ಬಾಡಿಗೆ ಒಪ್ಪಂದವನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ಬೆಂಗಳೂರು ಮತ್ತು ಮೈಸೂರು ನಡುವಿನ ರಸ್ತೆ ಹಿಂದೆ ರಾಜ್ಯ ಹೆದ್ದಾರಿ 17 ಆಗಿತ್ತು. ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಇದನ್ನು ಆರು ಮುಖ್ಯ ಪಥಗಳು ಮತ್ತು ನಾಲ್ಕು ಸೇವಾ ಪಥಗಳಿರುವ ಹೆದ್ದಾರಿಯಾಗಿ ಅಭಿವೃದ್ಧಿಪಡಿಸಿತು. ಕಾಮಗಾರಿಯನ್ನು ಬೆಂಗಳೂರು–ನಿಡಘಟ್ಟ ಮತ್ತು ನಿಡಘಟ್ಟ–ಮೈಸೂರು ಎಂಬ ಎರಡು ಭಾಗಗಳಾಗಿ ನಡೆಸಲಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳಿಗೆ ಬೈಪಾಸ್‌ಗಳು ನಿರ್ಮಾಣವಾದವು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಹೆದ್ದಾರಿಯನ್ನು ಉದ್ಘಾಟಿಸಿದರು.

ಶುಲ್ಕ ದ್ವಾರಗಳು

ಬೆಂಗಳೂರು–ನಿಡಘಟ್ಟ ಭಾಗದ ಶುಲ್ಕವನ್ನು ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿ ದ್ವಾರಗಳಲ್ಲಿ 2023ರ ಮಾರ್ಚ್ 14ರಿಂದ ಸಂಗ್ರಹಿಸಲಾಗುತ್ತಿದೆ. ನಿಡಘಟ್ಟ–ಮೈಸೂರು ಭಾಗದ ಶುಲ್ಕ ಸಂಗ್ರಹವು ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ 2023ರ ಜುಲೈ 1ರಂದು ಆರಂಭವಾಯಿತು. ಆಗ ಕಾರುಗಳಿಗೆ ಒಂದು ಬದಿಯ ಸಂಚಾರಕ್ಕೆ ಮೊದಲ ಭಾಗದಲ್ಲಿ ₹165 ಮತ್ತು ಎರಡನೆಯ ಭಾಗದಲ್ಲಿ ₹155, ಒಟ್ಟು ₹320 ದರವಿತ್ತು.

ಬೆಂಗಳೂರಿನಿಂದ ಹೊರಟು ಮದ್ದೂರಿನಲ್ಲಿ ಹೆದ್ದಾರಿಯಿಂದಿಳಿದು ಮಳವಳ್ಳಿ ಅಥವಾ ಶಿವನಸಮುದ್ರದ ಕಡೆಗೆ ತಿರುಗುವ ಕಾರು ಗಣಂಗೂರನ್ನು ದಾಟುವುದಿಲ್ಲ. ಹೀಗಾಗಿ ಅದಕ್ಕೆ ಮೊದಲ ಭಾಗದ ಶುಲ್ಕ ಮಾತ್ರ ಅನ್ವಯಿಸುತ್ತದೆ. ಮಂಡ್ಯದಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ಮೈಸೂರಿಗೆ ಹೋಗುವ ಕಾರು ಗಣಂಗೂರಿನಲ್ಲಿ ಮಾತ್ರ ಶುಲ್ಕ ತೆರುತ್ತದೆ.

ದರ ನಿಗದಿ

ರಾಷ್ಟ್ರೀಯ ಹೆದ್ದಾರಿಗಳ ಶುಲ್ಕವನ್ನು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ನಿರ್ಧರಿಸಲಾಗುತ್ತದೆ. ಕಾರು, ಜೀಪು ಮತ್ತು ವ್ಯಾನುಗಳಿಗೆ 2007–08ರ ಮೂಲದರ ಕಿಲೋಮೀಟರಿಗೆ 65 ಪೈಸೆ. ಪ್ರತಿ ವರ್ಷ ಶೇ. 3ರ ಸ್ಥಿರ ಹೆಚ್ಚಳದ ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ. 40ರಷ್ಟನ್ನು ಇದಕ್ಕೆ ಸೇರಿಸಲಾಗುತ್ತದೆ. ಪರಿಷ್ಕೃತ ದರ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ.

ಈ ಹೆದ್ದಾರಿಯಲ್ಲಿ ಸೇತುವೆಗಳಿಗೆ ಪ್ರತ್ಯೇಕ ದ್ವಾರಗಳಿಲ್ಲ. ನಿಯಮಗಳಲ್ಲಿ ಸೇತುವೆ, ಸುರಂಗ, ಮೇಲ್ಸೇತುವೆಗಳಂತಹ ರಚನೆಗಳ ಉದ್ದವನ್ನು ಹತ್ತು ಪಟ್ಟು ಎಂದು ಎಣಿಸಿ ರಸ್ತೆಯ ಉದ್ದಕ್ಕೆ ಸೇರಿಸುವ ಪದ್ಧತಿಯಿದೆ. 2025ರ ಜುಲೈ ತಿಂಗಳ ತಿದ್ದುಪಡಿಯ ಪ್ರಕಾರ, ಈ ಲೆಕ್ಕ ಅಥವಾ ಹೆದ್ದಾರಿ ಭಾಗದ ಒಟ್ಟು ಉದ್ದದ ಐದು ಪಟ್ಟು, ಇವೆರಡರಲ್ಲಿ ಕಡಿಮೆಯಾದುದನ್ನು ಪರಿಗಣಿಸಬೇಕು.

24 ಗಂಟೆಗಳೊಳಗೆ ಮರಳುವ ವಾಹನಕ್ಕೆ ಎರಡೂ ಬದಿಗೆ ಸೇರಿ ಒಂದೂವರೆ ಪಟ್ಟು ಶುಲ್ಕ ಮಾತ್ರ ಅನ್ವಯಿಸುತ್ತದೆ. ಮೇಲಿನ ₹320ರ ಸಂಚಾರಕ್ಕೆ ಅಂದು ಹೋಗಿಬರುವ ದರ ₹485 (₹250 ಮತ್ತು ₹235) ಆಗಿತ್ತು. ಈ ರಿಯಾಯಿತಿ ಫಾಸ್ಟ್ಯಾಗ್ ಮೂಲಕ ತಾನಾಗಿಯೇ ದೊರೆಯುತ್ತದೆ. ಒಂದು ದಿನದ ಮಟ್ಟಿಗೆ ಕಾರು ಬಾಡಿಗೆಗೆ ಪಡೆದವರು ಮಾಲೀಕರಿಂದ ಬಂದ ಲೆಕ್ಕದಲ್ಲಿ ಈ ರಿಯಾಯಿತಿ ಸೇರಿದೆಯೇ ಎಂದು ಪರಿಶೀಲಿಸಬಹುದು.

ಬಾಡಿಗೆ ಕಾರುಗಳ ವರ್ಗ

ಚಾಲಕರೊಂದಿಗೆ ದೊರೆಯುವ ಟ್ಯಾಕ್ಸಿಗಳಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳೂ, ಗ್ರಾಹಕರೇ ಚಾಲನೆ ಮಾಡುವ ಬಾಡಿಗೆ ಕಾರುಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳೂ ಇರುತ್ತವೆ. ಎರಡೂ ವಾಣಿಜ್ಯ ವಾಹನಗಳೇ ಆಗಿವೆ. ಶುಲ್ಕ ದರವು ವಾಹನದ ಗಾತ್ರವನ್ನು ಆಧರಿಸಿರುವುದರಿಂದ, ಒಂದು ಬಾರಿಯ ಸಂಚಾರಕ್ಕೆ ಬಾಡಿಗೆ ಕಾರಿಗೂ ಸ್ವಂತ ಕಾರಿಗೂ ಒಂದೇ ದರ. ವ್ಯತ್ಯಾಸವಿರುವುದು ಪಾಸುಗಳಲ್ಲಿ. 2025ರ ಆಗಸ್ಟ್ 15ರಂದು ಜಾರಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ (ಆರಂಭಿಕ ದರ ₹3,000, ಒಂದು ವರ್ಷ ಅಥವಾ 200 ಸಂಚಾರಗಳು, ಯಾವುದು ಮೊದಲೋ ಅದು) ವಾಣಿಜ್ಯೇತರ ಕಾರು, ಜೀಪು ಮತ್ತು ವ್ಯಾನುಗಳಿಗೆ ಮಾತ್ರ ಸೀಮಿತವಾಗಿದೆ. ಆದ್ದರಿಂದ ಬಾಡಿಗೆ ಕಾರುಗಳಿಗೆ ಇದು ಅನ್ವಯಿಸುವುದಿಲ್ಲ. ಪಾಸ್ ವಾಹನದ ನೋಂದಣಿಗೆ ಜೋಡಣೆಯಾಗಿರುವ ಕಾರಣ, ಸ್ವಂತ ಕಾರಿನ ಪಾಸನ್ನು ಬಾಡಿಗೆ ಕಾರಿನಲ್ಲಿ ಬಳಸಲು ಸಾಧ್ಯವಿಲ್ಲ.

ಪಾವತಿಯ ವಿಧಾನ

2021ರ ಫೆಬ್ರವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಗಳ ಎಲ್ಲ ಪಥಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಬಾಡಿಗೆ ಕಾರುಗಳಲ್ಲಿ ಸಾಮಾನ್ಯವಾಗಿ ಮೂರು ವಿಧಾನಗಳು ರೂಢಿಯಲ್ಲಿವೆ:

* ಗ್ರಾಹಕರು ಕಾರಿನ ನೋಂದಣಿ ಸಂಖ್ಯೆಯನ್ನು ನಮೂದಿಸಿ ಯುಪಿಐ ಮೂಲಕ ಆ ಕಾರಿನ ಫಾಸ್ಟ್ಯಾಗ್‌ಗೆ ಹಣ ತುಂಬುವುದು. ಉಳಿದ ಹಣ ಟ್ಯಾಗ್ ಖಾತೆಯಲ್ಲಿಯೇ ಉಳಿಯುವುದರಿಂದ ಅಗತ್ಯವಿರುವಷ್ಟನ್ನೇ ತುಂಬುವುದು ಸೂಕ್ತ.
* ಮಾಲೀಕರ ಖಾತೆಯಿಂದ ಕಡಿತವಾದ ಮೊತ್ತವನ್ನು ಪ್ರಯಾಣದ ನಂತರ ಬಾಡಿಗೆ ಅಥವಾ ಮುಂಗಡ ಠೇವಣಿಯೊಂದಿಗೆ ಹೊಂದಿಸುವುದು.
* ಟ್ಯಾಕ್ಸಿಗಳಲ್ಲಿ ಕಿಲೋಮೀಟರ್ ದರದ ಹೊರತಾಗಿ ಟೋಲ್ ಮತ್ತು ನಿಲುಗಡೆ ಶುಲ್ಕವನ್ನು ಬಿಲ್ಲಿಗೆ ಸೇರಿಸುವುದು.

ಕಡಿತದ ಸಂದೇಶವು ಮಾಲೀಕರ ನೋಂದಾಯಿತ ಮೊಬೈಲ್‌ಗೆ ಹೋಗುತ್ತದೆ, ಚಾಲನೆ ಮಾಡುವ ಗ್ರಾಹಕರಿಗೆ ಬರುವುದಿಲ್ಲ. ಹೀಗಾಗಿ ದ್ವಾರ ದಾಟಿದ ದಿನ ಮತ್ತು ಸಮಯವನ್ನು ಬರೆದಿಟ್ಟುಕೊಂಡರೆ ನಂತರದ ಲೆಕ್ಕವನ್ನು ತಾಳೆ ನೋಡಲು ಅನುಕೂಲವಾಗುತ್ತದೆ.

ಟ್ಯಾಗ್ ಇಲ್ಲದಿದ್ದರೆ ಅಥವಾ ಅಮಾನ್ಯವಾಗಿದ್ದರೆ ನಗದು ಪಾವತಿಗೆ 2025ರಲ್ಲಿ ಎರಡು ಪಟ್ಟು ಶುಲ್ಕವಿತ್ತು. 2025ರ ನವೆಂಬರ್ 15ರಿಂದ ಇಂತಹ ವಾಹನಗಳು ಯುಪಿಐ ಮೂಲಕ ಪಾವತಿಸಿದರೆ 1.25 ಪಟ್ಟು ಶುಲ್ಕ ಅನ್ವಯಿಸುತ್ತದೆ. ಅಂದರೆ ₹100 ಶುಲ್ಕವಿರುವಲ್ಲಿ ಯುಪಿಐ ಆದರೆ ₹125. ಇದಕ್ಕೆ ವಿರುದ್ಧವಾಗಿ, ಟ್ಯಾಗ್ ಮಾನ್ಯವಾಗಿದ್ದು ಸಾಕಷ್ಟು ಹಣವಿದ್ದೂ ದ್ವಾರದ ಯಂತ್ರ ಕೆಲಸ ಮಾಡದಿದ್ದರೆ, ಆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕು ಎಂದು 2018ರ ತಿದ್ದುಪಡಿ ಹೇಳುತ್ತದೆ. ಶೂನ್ಯ ಮೊತ್ತದ ರಸೀದಿಯನ್ನೂ ನೀಡಬೇಕು. ದೂರುಗಳಿಗೆ ಹೆದ್ದಾರಿ ಸಹಾಯವಾಣಿ 1033 ಲಭ್ಯವಿದೆ.

ಸ್ಥಳೀಯ ಪರಿಣಾಮಗಳು

ಶುಲ್ಕ ಸಂಗ್ರಹ ಆರಂಭವಾದಾಗ ರೈತರು, ಕನ್ನಡಪರ ಸಂಘಟನೆಗಳು ಮತ್ತು ರಾಜಕೀಯ ಪಕ್ಷಗಳು ಪ್ರತಿಭಟನೆ ನಡೆಸಿದವು. ಸೇವಾ ರಸ್ತೆಗಳು ಪೂರ್ಣಗೊಳ್ಳುವ ಮೊದಲೇ ಶುಲ್ಕ ವಿಧಿಸಲಾಗಿದೆ ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು. 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕು, ಆಟೊರಿಕ್ಷಾ ಮತ್ತು ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಇದರಿಂದ ಸುತ್ತಲಿನ ಹಳ್ಳಿಗಳ ಜನರಿಗೆ ಸೇವಾ ರಸ್ತೆಗಳ ಅಗತ್ಯ ಇನ್ನಷ್ಟು ಹೆಚ್ಚಾಯಿತು.

ಊರುಗಳ ಒಳಗಿನ ಹಳೆಯ ರಸ್ತೆಯಲ್ಲಿ ವಾಹನ ದಟ್ಟಣೆ ತಗ್ಗಿದ್ದರಿಂದ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಮತ್ತು ಮದ್ದೂರು ವಡೆಯ ವ್ಯಾಪಾರಿಗಳು ಪ್ರಯಾಣಿಕರನ್ನು ಕಳೆದುಕೊಂಡರು. ಸಮಯ ಉಳಿಸುವ ಬೈಪಾಸ್ ಹಾಗೂ ಊರೊಳಗಿನ ಹಳೆಯ ರಸ್ತೆ ಇವೆರಡರ ನಡುವಿನ ಆಯ್ಕೆಯು ಪ್ರಯಾಣಿಕರ ಖರ್ಚಿನ ಜೊತೆಗೆ ಈ ಊರುಗಳ ಜೀವನೋಪಾಯಕ್ಕೂ ಸಂಬಂಧಿಸಿದ ಸಂಗತಿಯಾಗಿದೆ.

ಇವನ್ನೂ ನೋಡಿ

* ಫಾಸ್ಟ್ಯಾಗ್
* ರಾಷ್ಟ್ರೀಯ ಹೆದ್ದಾರಿ 275
* ಮಂಡ್ಯ ಜಿಲ್ಲೆ
* ಮದ್ದೂರು
* ಮಳವಳ್ಳಿ