ಹುಸಿ ತೋಟಾ, ಅಸಲಿ ಕವಾಯತು: ಹಾಲಿವುಡ್ ಯುದ್ಧಚಿತ್ರಗಳಲ್ಲಿ ಆಯುಧ ಮತ್ತು ನಟ

ಯುದ್ಧಚಿತ್ರಗಳ ಚರ್ಚೆ ಸಾಮಾನ್ಯವಾಗಿ ಕಥೆ, ನಿರ್ದೇಶಕ, ರಾಜಕೀಯಗಳಲ್ಲೇ ಮುಗಿದುಹೋಗುತ್ತದೆ. ನಟನ ಕೈಗೆ ಕೋವಿ ಕೊಟ್ಟವರು ಯಾರು, ಹಿಡಿಯಲು ಕಲಿಸಿದವರು ಯಾರು ಎಂದು ಕೇಳುವವರು ಕಡಿಮೆ. ಮೂಕಿಚಿತ್ರಗಳ ಕಾಲದಲ್ಲಿ ಇವೆರಡೂ ಒಬ್ಬನದೇ ಕೆಲಸವಾಗಿದ್ದದ್ದೂ ಉಂಟು. ಸೆಸಿಲ್ ಬಿ. ಡಿಮಿಲ್ ಚಿತ್ರಗಳ ಸಹನಟರಿಗೆ ಕವಾಯತು ಹೇಳಿಕೊಟ್ಟ ಮಾಜಿ ಸೈನಿಕ ಜೇಮ್ಸ್ ಸ್ಟೆಂಬ್ರಿಡ್ಜ್, ಮುಂದೆ ಕೋವಿಗಳನ್ನು ಬಾಡಿಗೆಗೆ ಕೊಡುವ ಉದ್ಯಮವನ್ನೇ ಕಟ್ಟಿದ. ದಶಕಗಳ ಕಾಲ ಹಾಲಿವುಡ್‌ನ ಶಸ್ತ್ರಾಗಾರ ಅದೇ.

ಆಗ ತರಬೇತಿ ದೊಡ್ಡ ಸಮಸ್ಯೆಯಾಗಿರಲಿಲ್ಲ, ಏಕೆಂದರೆ ಯುದ್ಧ ಕಂಡವರು ಊರ ತುಂಬ ಇದ್ದರು. ಲೂಯಿಸ್ ಮೈಲ್‌ಸ್ಟೋನ್‌ನ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' (1930) ಚಿತ್ರಕ್ಕೆ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ ಜರ್ಮನ್ ಮಾಜಿ ಸೈನಿಕರೇ ನೆರವಾದರು. 'ಬ್ಯಾಟಲ್‌ಗ್ರೌಂಡ್' (1949) ತಯಾರಾಗುವಾಗ ನಟರನ್ನು ಪಳಗಿಸಿದವರು 101ನೇ ವಾಯುಗಾಮಿ (ಏರ್‌ಬೋರ್ನ್) ಪಡೆಯ ಯೋಧರು. ಚಿತ್ರದ ಕಥೆಯೂ ಆ ಪಡೆಯದೇ. ನಟ ಲೀ ಮಾರ್ವಿನ್‌ಗಂತೂ ಯಾರೂ ಕಲಿಸಬೇಕಿರಲಿಲ್ಲ; ಆತ 1944ರಲ್ಲಿ ಸೈಪಾನ್ ದ್ವೀಪದಲ್ಲಿ ಗಾಯಗೊಂಡಿದ್ದ.

1973ರಲ್ಲಿ ಅಮೆರಿಕ ಕಡ್ಡಾಯ ಸೇನಾ ಭರ್ತಿಯನ್ನು ನಿಲ್ಲಿಸಿತು. ಕೋವಿಯ ಭಾರವನ್ನೇ ಅರಿಯದ ನಟರ ತಲೆಮಾರು ಬಂತು. 'ಪ್ಲಟೂನ್' (1986) ಚಿತ್ರಕ್ಕಾಗಿ ನಿವೃತ್ತ ಮರೀನ್ ಕ್ಯಾಪ್ಟನ್ ಡೇಲ್ ಡೈ, ನಟರನ್ನು ಫಿಲಿಪೈನ್ಸ್ ಕಾಡಿಗೆ ಕರೆದೊಯ್ದು ಸುಮಾರು ಎರಡು ವಾರ ಅಲ್ಲೇ ಇರಿಸಿಕೊಂಡ. ಗುಂಡಿ ತೋಡಿಸಿದ, ಸೇನೆಯ ಡಬ್ಬಿ ಊಟ ತಿನ್ನಿಸಿದ, ರಾತ್ರಿ ಸರದಿಯಂತೆ ಕಾವಲು ಹಾಕಿದ. ನನ್ನ ದೃಷ್ಟಿಯಲ್ಲಿ ಇದರ ಫಲ ಗುರಿಯಲ್ಲಲ್ಲ, ಸುಸ್ತಿನಲ್ಲಿ ಕಾಣುತ್ತದೆ: ನಟರು ಕೋವಿಯನ್ನು ತೋರಿಸುವುದಿಲ್ಲ, ಹೊರುತ್ತಾರೆ. 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ಇಂಥದ್ದೇ ತರಬೇತಿ ಶಿಬಿರದಿಂದ ರಯಾನ್ ಪಾತ್ರದ ಮ್ಯಾಟ್ ಡೇಮನ್‌ನನ್ನು ಬೇಕೆಂದೇ ಹೊರಗಿಟ್ಟರು. ಉಳಿದವರಿಗೆ ಅವನ ಮೇಲೆ ಅಸಮಾಧಾನ ಹುಟ್ಟಲಿ ಎಂಬುದು ಲೆಕ್ಕಾಚಾರ.

ಆಯುಧದ ಕಥೆ ಇನ್ನೊಂದು ದಿಕ್ಕಿಗೆ ನಡೆಯಿತು. ಹುಸಿ ತೋಟಾದಲ್ಲಿ ಮದ್ದಿರುತ್ತದೆ, ಗುಂಡಿರುವುದಿಲ್ಲ. ಮೂರು ಬಗೆಯ ರಿವಾಲ್ವರ್, ಎರಡು ಬಗೆಯ ರೈಫಲ್‌ಗಳಿಗೆ ಹೊಂದುವ 'ಫೈವ್ ಇನ್ ಒನ್' ತೋಟಾ ಹಾಲಿವುಡ್‌ನಲ್ಲಿ ಮನೆಮಾತಾಗಿತ್ತು. ಸ್ವಯಂಚಾಲಿತ ಕೋವಿಗಳದು ಬೇರೆ ತಕರಾರು: ಗುಂಡಿಲ್ಲದೆ ನಳಿಗೆಯಲ್ಲಿ ಅನಿಲದ ಒತ್ತಡ ನಿಲ್ಲದು, ಮುಂದಿನ ತೋಟಾ ತಾನಾಗಿ ಏರದು. ಅದಕ್ಕೆಂದೇ ಶಸ್ತ್ರ ಸಿದ್ಧಪಡಿಸುವವರು ನಳಿಗೆಯೊಳಗೆ ಸಣ್ಣ ತೂತಿನ ಬಿರಡೆ ಕೂರಿಸಿದರು. ಹೊರಗೆ ಅಸಲಿ ಎನಿಸುವ ಕೋವಿ ಒಳಗೆ ಅರ್ಧ ಮುಚ್ಚಿದ ಕೊಳವೆ.

ಹುಸಿ ಎಂದರೆ ನಿರಪಾಯವೇನಲ್ಲ. 1993ರಲ್ಲಿ 'ದ ಕ್ರೋ' ಚಿತ್ರೀಕರಣದಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಹುಸಿ ತೋಟಾ ಹೊರದೂಡಿದ್ದರಿಂದ. 2021ರಲ್ಲಿ 'ರಸ್ಟ್' ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅಸಲಿ ಗುಂಡಿಗೆ ಬಲಿಯಾದ ಮೇಲೆ ಮದ್ದೇ ಬೇಡವೆಂಬ ಕೂಗು ಜೋರಾಯಿತು. ಈಗ ಅನೇಕ ಕಡೆ ತೋಟಾ ತುಂಬಲು ಬಾರದ ಕೋವಿಗಳನ್ನೇ ಬಳಸುತ್ತಾರೆ, ಬೆಂಕಿಯ ಮಿಂಚನ್ನು ಕಂಪ್ಯೂಟರ್ ಸೇರಿಸುತ್ತದೆ. ಹೀಗಾಗಿ ತರಬೇತುದಾರನ ಪಾಠಪಟ್ಟಿಗೆ ಒಂದು ವಿಷಯ ಹೆಚ್ಚಾಗಿದೆ: ಒದೆಯದ ಕೋವಿ ಭುಜಕ್ಕೆ ಒದ್ದಂತೆ ನಟಿಸುವುದು.