ಇರುಳಿನಲ್ಲಿ ನೆಲ ಸೂಸುವ ಶಾಖ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವವರು ಎರಡು ಬಗೆಯ ನೆಲಗಳನ್ನು ಕಾಣುತ್ತಾರೆ: ಕಪ್ಪನೆಯ ಎರೆ, ಕೆಂಪನೆಯ ಮಸಾರಿ. ಹಗಲೆಲ್ಲ ಕಾದ ಈ ನೆಲವು ಇರುಳು ತಣ್ಣಗಾಗುವುದನ್ನು, ಕಣದಲ್ಲಿ ಜೋಳದ ರಾಶಿ ಕಾಯುತ್ತ ಮಲಗಿದವರೆಲ್ಲರೂ ಬಲ್ಲರು. ಹಗಲು ಹೀರಿದ ಶಾಖವನ್ನು ನೆಲವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಮರಳಿಸುತ್ತದೆ. ಅದನ್ನು ಅಳೆಯಲು ಮನುಷ್ಯನು ಪಟ್ಟ ಶ್ರಮದ ಚರಿತ್ರೆಯಲ್ಲಿ ನಮ್ಮ ದೇಶದ ಬಯಲಿಗೂ ಒಂದು ಅಧ್ಯಾಯವುಂಟು.

ಈ ಕಿರಣಗಳ ಇರವನ್ನು 1800ರಲ್ಲಿ ವಿಲಿಯಂ ಹರ್ಷೆಲನು ಉಷ್ಣಮಾಪಕದಿಂದ ಕಂಡುಕೊಂಡನು. 1804ರಲ್ಲಿ ಜಾನ್ ಲೆಸ್ಲಿಯು ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಬಿಸಿನೀರು ತುಂಬಿದ ಲೋಹದ ಪೆಟ್ಟಿಗೆಯ ಒಂದು ಮುಖಕ್ಕೆ ಕಾಡಿಗೆ ಬಳಿದು, ಇನ್ನೊಂದಕ್ಕೆ ಕಾಗದ ಅಂಟಿಸಿ, ಮತ್ತೊಂದನ್ನು ಹೊಳಪಾಗಿಯೇ ಬಿಟ್ಟು ನೋಡಿದನು. ಹೊಳೆಯುವ ಲೋಹ ಸೂಸಿದ ಶಾಖ ಅತ್ಯಲ್ಪ. ಬಿಳಿಯ ಕಾಗದವಾದರೋ ಕಾಡಿಗೆಗೆ ಹೆಚ್ಚುಕಡಿಮೆ ಸಮವಾಯಿತು! ಶಾಖ ಸೂಸುವ ಶಕ್ತಿಗೆ ಕಣ್ಣಿಗೆ ಕಾಣುವ ಬಣ್ಣ ಸಾಕ್ಷಿಯಲ್ಲವೆಂದಾಯಿತು. ಹೀರುವುದರಲ್ಲಿ ಸಮರ್ಥವಾದುದೇ ಸೂಸುವುದರಲ್ಲಿಯೂ ಸಮರ್ಥವೆಂಬ ನಿಯಮವನ್ನು 1859ರಲ್ಲಿ ಕಿರ್ಖಾಫನು ಸ್ಥಾಪಿಸಿದನು. ಪೂರ್ಣವಾಗಿ ಸೂಸುವ ವಸ್ತುವಿಗೆ 1 ಎಂದು ಅಂಕವಿತ್ತರೆ, ಹೊಳಪಿನ ಲೋಹಕ್ಕೆ 0.1ಕ್ಕಿಂತ ಕಡಿಮೆ, ಬಹುಪಾಲು ಮಣ್ಣುಗಳಿಗೆ 0.9ಕ್ಕಿಂತ ಹೆಚ್ಚು. ಇದೇ ಉತ್ಸರ್ಜನಾಂಕ. ಹಗಲಿನಲ್ಲಿ ಅಷ್ಟು ಬೇರೆಯಾಗಿ ಕಾಣುವ ಎರೆ, ಮಸಾರಿಗಳು ಇರುಳಿನ ಈ ಲೆಕ್ಕದಲ್ಲಿ ನೆರೆಹೊರೆಯವೇ.

ಆದರೆ ಮಣ್ಣು, ಮರಳುಗಳ ಅಂಕವನ್ನು ನಿಖರವಾಗಿ ಅಳೆಯುವುದು ಸುಲಭವಲ್ಲ. ಕಣಗಳ ನಡುವಣ ಸಂದುಗಳಲ್ಲಿ ಹೊಕ್ಕ ಕಿರಣವು ಅಲ್ಲಿಯೇ ಪುಟಿದು ಪುಟಿದು ಅಡಗುತ್ತದೆ. ಕಣದ ಗಾತ್ರ, ತೇವಗಳು ಬದಲಾದರೆ ಅಂಕವೂ ಬದಲಾಗುತ್ತದೆ. ಮೇಲಿನ ಕಣಕ್ಕೂ ಬೆರಳಷ್ಟು ಕೆಳಗಿನ ಕಣಕ್ಕೂ ಉಷ್ಣತೆ ಬೇರೆ. ಮೇಲಾಗಿ ಉಪಕರಣಕ್ಕೆ ಬರುವುದು ನೆಲದ ಕಿರಣ ಮಾತ್ರವಲ್ಲ, ನೆಲದಿಂದ ಪ್ರತಿಫಲಿಸಿದ ಆಕಾಶದ ಕಿರಣವೂ ಹೌದು. ಇವೆರಡನ್ನು ಬೇರ್ಪಡಿಸದೆ ಲೆಕ್ಕ ಸರಿಹೋಗದು.

ಈ ಸೂಕ್ಷ್ಮದ ಬೆಲೆ ತಿಳಿದದ್ದು ರಾಮದಾಸರ ಶೋಧದಿಂದ. ಸಿ. ವಿ. ರಾಮನ್ನರ ಶಿಷ್ಯರಾದ ಎಲ್. ಎ. ರಾಮದಾಸರೂ ಆತ್ಮನಾಥನ್ನರೂ 1932ರಲ್ಲಿ ಒಂದು ವಿಚಿತ್ರವನ್ನು ವರದಿಮಾಡಿದರು. ಗಾಳಿಯಾಡದ, ಮೋಡವಿಲ್ಲದ ಇರುಳಿನಲ್ಲಿ ಅತಿ ತಂಪಾದ ಗಾಳಿಯಿರುವುದು ನೆಲಕ್ಕೆ ತಾಗಿಯಲ್ಲ. ಸುಮಾರು ಹೊರಸಿನೆತ್ತರದಷ್ಟು ಮೇಲೆ! ತಂಪು ಗಾಳಿ ಭಾರವಾದುದು, ಕೆಳಗಿಳಿಯಲೇಬೇಕು. ಆದುದರಿಂದ ಇದು ಅಳತೆಯ ದೋಷವೆಂದು ಅನೇಕರು ಶಂಕಿಸಿದರು. ಮುಂದೆ ಬೇರೆ ದೇಶಗಳಲ್ಲಿಯೂ ಅದೇ ಕಂಡುಬಂದ ಮೇಲೆ ಶಂಕೆ ತೀರಿತು. ಕಾರಣ ಮಾತ್ರ ತಿಳಿಯಲಿಲ್ಲ.

1993ರಲ್ಲಿ ಬೆಂಗಳೂರಿನ ವಾಸುದೇವಮೂರ್ತಿ, ಜೆ. ಶ್ರೀನಿವಾಸನ್, ರೊದ್ದಂ ನರಸಿಂಹ ಇವರು ಒಂದು ಸಿದ್ಧಾಂತವನ್ನು ಮಂಡಿಸಿದರು. ನೆಲದ ಉತ್ಸರ್ಜನಾಂಕ 1ಕ್ಕಿಂತ ತುಸು ಕಡಿಮೆಯಿರುವುದು ಅದರಲ್ಲಿ ಮುಖ್ಯವಾಗಿತ್ತು. ಅನಂತರ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಕೆ. ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ಮರುಪರಿಶೀಲಿಸಿ, ಪ್ರತಿಫಲಿತ ಕಿರಣಗಳ ಲೆಕ್ಕದಲ್ಲಿಯೇ ತೊಡಕಿದೆಯೆಂದು ತೋರಿಸಿದರು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳತ್ತ ಬೆರಳು ಮಾಡಿದರು. ಊರಿನವರ ಸಿದ್ಧಾಂತವೆಂದು ಅವರು ದಾಕ್ಷಿಣ್ಯಕ್ಕೆ ಒಳಗಾಗಲಿಲ್ಲ.

ಇಂದು ಉಪಗ್ರಹಗಳು ನಮ್ಮ ಹೊಲಗಳ ಬಿಸಿಯನ್ನು ಆಕಾಶದಿಂದಲೇ ಅಳೆಯುತ್ತವೆ. ಸಿಂಧನೂರಿನ ಕಾಲುವೆಯ ಕೆಳಗಿನ ಒದ್ದೆ ಗದ್ದೆಗೂ ಮಸ್ಕಿಯ ಒಣ ಬೆದ್ದಲಿಗೂ ಅಂಕವೊಂದೇ ಎಂದು ಬಗೆದರೆ ಆ ಅಳತೆಯೂ ತಪ್ಪೀತು. ನೆಲವನ್ನು ಮೇಲಿನಿಂದ ನೋಡುವವರೂ ಒಮ್ಮೆ ಕೆಳಗಿಳಿದು ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಳ್ಳಲೇಬೇಕು.